ಶಿವಕ್ಕನ ರವಿವಾರದ ಕಂಪನಿಗಳು

ನಾನು ಬದುಕಿನಲ್ಲಿ ಮೊದಲ ಬಾರಿ ಚೇರ್ಮನ್ ಆದದ್ದು ಇಂಗ್ಲೆಂಡಿನಲ್ಲಿ, ಕ್ರೋಯ್ಡನ್ನಿನ ಒಂದು ಅಡುಗೆಮನೆಯಲ್ಲಿ, ಬಾಯೊಳಗೆ ಅರ್ಧ ಶೇಂಗಾ ಹೋಳಿಗೆ ಇದ್ದಾಗ. ಆ ಪದವಿಗೆ ಏರಿಸಿದವರು ಶಿವಕ್ಕ. ಇಪ್ಪತ್ತು ನಿಮಿಷದಲ್ಲಿ ನನ್ನನ್ನು ದಿವಾಳಿ ಎಬ್ಬಿಸಿದವರೂ ಅವರೇ. ನಡುವೆ ಹೋಳಿಗೆಗೆ ತುಪ್ಪ ಹಾಕುವುದನ್ನು ಮಾತ್ರ ಮರೆತಿರಲಿಲ್ಲ.

ಅದು ೧೯೯೯. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಹೆದರಿದ ಕಂಪನಿಯೊಂದು ನನ್ನನ್ನು ಬೆಂಗಳೂರಿನಿಂದ ಕರೆಸಿಕೊಂಡಿತ್ತು. ಎರಡಂಕಿಯ ಇಸವಿಗಳನ್ನು ಹುಡುಕಿ ನಾಲ್ಕಂಕಿ ಮಾಡುವುದು ನನ್ನ ಕೆಲಸ. ಊರಿಗೆ ಫೋನ್ ಮಾಡಿದಾಗ ಇದನ್ನೇ ನಾನು ಬೇರೆ ಗತ್ತಿನಲ್ಲಿ ಹೇಳುತ್ತಿದ್ದೆ. ಶಿವಕ್ಕನ ಮನೆಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ಶಿವಕ್ಕ ವಿಜಯಪುರದ ಕಡೆಯವರು. ಬೆಳಗಿನ ಜಾವ ಎದ್ದು ಆಫೀಸು ಕಟ್ಟಡಗಳನ್ನು ಗುಡಿಸಿ ಒರೆಸುವ ಹೆಂಗಸರ ಮೇಲ್ವಿಚಾರಕಿ. ಅವರ ಕಟ್ಟಡಗಳಲ್ಲಿ ನಮ್ಮ ಆಫೀಸೂ ಒಂದು.

“ವಾಸು, ನಿನ್ನ ಮೇಜಿನ ಖಾನೆದಾಗ ಬಾಳೆಹಣ್ಣಿನ ಸಿಪ್ಪಿ ಯಾಕಿಟ್ಟಿ?” ಎಂದು ಅವರು ಸಂಜೆ ಕೇಳಿದರೆ ನಾನು ಆಫೀಸಿನಲ್ಲಿ ಇದ್ದೇನೋ ಮನೆಯಲ್ಲಿ ಇದ್ದೇನೋ ತಿಳಿಯದೆ ಎದ್ದು ನಿಲ್ಲುತ್ತಿದ್ದೆ.

ಅವರ ಗಂಡ ಜಗದೇವಪ್ಪ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವರು. ಚರ್ಚಿನವರ ಹಳೆ ಸಾಮಾನಿನ ಮಾರಾಟದಲ್ಲಿ ರೈಲಿನ ನಕಾಶೆ ಎಂದುಕೊಂಡು ಒಂದು ಪೆಟ್ಟಿಗೆ ಕೊಂಡು ತಂದಿದ್ದರು. ಬಿಚ್ಚಿದರೆ ಒಳಗೆ ನಕಾಶೆಯ ಜೊತೆಗೆ ಕಾಗದದ ನೋಟು, ಶೇರು ಪತ್ರ, ನಲವತ್ತು ಪುಟದ ನಿಯಮದ ಪುಸ್ತಕ. ಕಿಟಕಿಯ ಮುಂದೆ ಜನ ಇಲ್ಲದಾಗ ಆ ಪುಸ್ತಕ ಓದಿ ಓದಿ, ಮನೆಗೆ ಬಂದು ಹೆಂಡತಿಗೆ ತಮ್ಮ ಊರಿನ ಮಾತಿನಲ್ಲಿ ಹೇಳಿಕೊಟ್ಟರು. ಅಂದಿನಿಂದ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಆ ಮನೆಯಲ್ಲಿ ಗಂಡ ಹೆಂಡತಿ ಪರಸ್ಪರ ಕತ್ತು ಕೊಯ್ಯುವ ಕಾರ್ಯಕ್ರಮ.

ಆಟ ಹೇಳಲು ಸುಲಭ. ಹಳೆಯ ಕಾಲದ ಇಂಗ್ಲೆಂಡಿನ ರೈಲು ಕಂಪನಿಗಳು. ಯಾರ ಹತ್ತಿರ ಹೆಚ್ಚು ಶೇರೋ ಅವರು ಆ ಕಂಪನಿಗೆ ಚೇರ್ಮನ್, ಅದರ ಪೆಟ್ಟಿಗೆಯ ದುಡ್ಡು ಅವರ ಕೈಯಲ್ಲಿ. ಹೊಸ ಎಂಜಿನ್ ಬಂದ ಕೂಡಲೇ ಹಳೆಯದೆಲ್ಲ ಗುಜರಿ. ಆಗ ಕಂಪನಿಯ ಪೆಟ್ಟಿಗೆ ಖಾಲಿ ಇದ್ದರೆ ಚೇರ್ಮನ್ ತನ್ನ ಕಿಸೆಯಿಂದ ಎಂಜಿನ್ ಕೊಡಿಸಬೇಕು. ಆದ್ದರಿಂದ ಜಾಣರಾದವರು ಪೆಟ್ಟಿಗೆ ಬಳಿದುಕೊಂಡು, ಎಂಜಿನ್ ತುಕ್ಕು ಹಿಡಿಯುವ ಹೊತ್ತಿಗೆ ತಮ್ಮ ಶೇರು ಮಾರಿ ಎದ್ದುಬಿಡುತ್ತಾರೆ. ಶೇರಿನಲ್ಲಿ ಎರಡನೆಯ ಸ್ಥಾನದವನು ತಾನಾಗಿ ಚೇರ್ಮನ್ ಆಗುತ್ತಾನೆ. ಶಿವಕ್ಕ ಇದಕ್ಕೆ ಕೊರಳಿಗೆ ಕಟ್ಟುವುದು ಎನ್ನುತ್ತಿದ್ದರು.

ಆ ಕಡೆಯ ಮನೆಗಳಲ್ಲಿ ಉಂಡವರಿಗೆ ಗೊತ್ತು, ಅಲ್ಲಿ ‘ಸಾಕು’ ಎಂಬ ಮಾತನ್ನು ಮೂರು ಸಲ ಹೇಳುವ ತನಕ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಶಿವಕ್ಕ ಶೇರುಗಳನ್ನೂ ಹೋಳಿಗೆಯ ಹಾಗೆಯೇ ಬಡಿಸುತ್ತಿದ್ದರು. “ಇನ್ನೊಂದ ತಗೊ ತಮ್ಮಾ, ಒಂದರಾಗ ಏನಾಗ್ತೈತಿ?” “ಸಾಕು ಶಿವಕ್ಕ.” “ಅಯ್ಯ, ವಯಸ್ಸಿನ ಹುಡುಗ ಸಾಕಂತೀಯಲ್ಲೋ, ನಾಚಿಕಿ ಬಿಟ್ಟು ತಗೊ.” ಹೀಗೆ ತಗೊಂಡೇ ನಾನು ಚೇರ್ಮನ್ ಆದದ್ದು. ಅದು ಪ್ರೀತಿಯೋ ಕೊಲೆಯೋ ಎಂಬುದು ಎರಡು ವರ್ಷ ಆ ಮನೆಯಲ್ಲಿದ್ದರೂ ನನಗೆ ಬಗೆಹರಿಯಲಿಲ್ಲ.

೨೦೦೧ರ ಫೆಬ್ರವರಿಯ ಒಂದು ರವಿವಾರ ಕೃಷ್ಣಪ್ರಸಾದರು ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಬಂದರು. ಉಡುಪಿ ಕಡೆಯವರು, ರೇನರ್ಸ್ ಲೇನಿನಲ್ಲಿ ಮನೆ. ಶಿವಕ್ಕ ದುಡಿಯುತ್ತಿದ್ದ ಕ್ಲೀನಿಂಗ್ ಕಂಪನಿ ಇವರದೇ. ಒಟ್ಟು ಮೂರು ಕಟ್ಟಡಗಳ ಗುತ್ತಿಗೆ. ರವಿವಾರವೂ ಟೈ ಕಟ್ಟುವ, ಮೆತ್ತಗೆ ಮಾತಾಡುವ ಮನುಷ್ಯ.

“ಶಿವಕ್ಕ, ನನಗೆ ಬೆನ್ನು ನೋವು. ಒಬ್ಬನಿಂದ ಇದೆಲ್ಲ ಆಗುವುದಿಲ್ಲ. ನೀವು ಡೈರೆಕ್ಟರ್ ಆಗಿ. ಅರ್ಧ ಕಂಪನಿ ನಿಮ್ಮದು. ಬ್ಯಾಂಕಿನವರಿಗೆ ಮಾತ್ರ ಈ ಮನೆಯ ಪತ್ರ ಒಂದು ತೋರಿಸಬೇಕಂತೆ, ಜಾಮೀನಿಗೆ. ಅಷ್ಟೇ.”

ಆ ಮನೆಯ ಕೊನೆಯ ಕಂತು ತೀರಿದ್ದು ಹಿಂದಿನ ವರ್ಷ. ಆ ದಿನ ಶಿವಕ್ಕ ಬೀದಿಯವರಿಗೆಲ್ಲ ಪೇಢೆ ಹಂಚಿದ್ದರು. ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನಿಸ್ಟಿಗೂ ಒಂದು ಡಬ್ಬಿ ಹೋಗಿತ್ತು.

ಅಡುಗೆಮನೆಗೆ ಎದ್ದುಹೋದ ಶಿವಕ್ಕನ ಹಿಂದೆಯೇ ನಾನೂ ಹೋಗಿ ಪಿಸುಗುಟ್ಟಿದೆ. “ಶಿವಕ್ಕ, ಡೈರೆಕ್ಟರ್ ಅಂದ್ರೆ ಸಣ್ಣ ಮಾತಲ್ಲ. ಸುಮ್ನೆ ಸಹಿ ಹಾಕಿ.”

“ನೀ ಚೇರ್ಮನ್ ಆಗಿದ್ದೆಲ್ಲೋ, ಏನ್ ಸುಖಾ ಕಂಡಿ?”

“ಅದು ಆಟ.”

“ಮತ್ತ ಇದನ್ನೂ ಆಟದಾಗ ನೋಡೂಣು. ಹೆಣ್ಣು ಕೊಡೋ ಮೊದಲ ಆ ಮನಿಯವರು ಹ್ಯಾಂಗ ಉಣ್ತಾರ ಅಂತ ನೋಡತೇವಿಲ್ಲ? ಇವರು ಹ್ಯಾಂಗ ಆಡ್ತಾರ ನೋಡಬೇಕು.”

ಹೊರಗೆ ಬಂದು ಗಟ್ಟಿಯಾಗಿ ಹೇಳಿದರು. “ಮೊದಲ ಊಟ ಮಾಡ್ರಿ ಸಾಹೇಬ್ರ. ಆಮ್ಯಾಲ ಒಂದು ಆಟ. ಸಹಿ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಊಟ ಮುಗಿಯಿತು. ಜಗದೇವಪ್ಪ ನಿಯಮಗಳನ್ನೆಲ್ಲ ಒಮ್ಮೆ ಹೇಳಿದರು, ಟಿಕೆಟ್ ಕಿಟಕಿಯ ಹಿಂದಿನಿಂದ ಹೇಳುವ ವೇಗದಲ್ಲಿ. ಕೃಷ್ಣಪ್ರಸಾದರು ಪ್ರತಿ ವಾಕ್ಯಕ್ಕೂ ತಲೆ ಆಡಿಸಿದರು. “ತಿಳೀತಲ್ರಿ?” “ಹಾಂ, ಹಾಂ, ಒಳ್ಳೆ ಆಟ.”

ಆಮೇಲೆ ನಡೆದದ್ದನ್ನು ನಾನು ಇನ್ನೂ ಮರೆತಿಲ್ಲ. ಶಿವಕ್ಕನ ಕಂಪನಿ ಎಂಜಿನ್ ಇಲ್ಲದೆ ನಿಂತಿತ್ತು. ಕೃಷ್ಣಪ್ರಸಾದರು ತಮ್ಮ ಹತ್ತಿರವಿದ್ದ ಆ ಕಂಪನಿಯ ಎರಡು ಶೇರು ಮಾರಿದ್ದರೆ ಅದರ ಬೆಲೆ ಪಾತಾಳಕ್ಕೆ ಇಳಿದು ಶಿವಕ್ಕನ ಕತೆ ಮುಗಿಯುತ್ತಿತ್ತು. ಅವರು ಮಾರುವ ಬದಲು ಅದೇ ಕಂಪನಿಯ ಇನ್ನೊಂದು ಕೊಂಡರು. ಜಗದೇವಪ್ಪ ಹಿಡಿದಿದ್ದ ಪೆನ್ಸಿಲ್ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಕೃಷ್ಣಪ್ರಸಾದರ ಕಂಪನಿಯೂ ಬರಿದಾಯಿತು. ಕೊರಳಿಗೆ ಕಟ್ಟಲು ನಾನೇ ಪಕ್ಕದಲ್ಲಿ ಕತ್ತು ಚಾಚಿಕೊಂಡು ಕೂತಿದ್ದೆ. ಅವರು ಕಟ್ಟಲಿಲ್ಲ, ತಮ್ಮ ಕಿಸೆಯಿಂದಲೇ ಎಂಜಿನ್ ಕೊಡಿಸಿದರು. ಶಿವಕ್ಕ “ಇದೊಂದು ತಗೋರಿ” ಎಂದು ಕೆಲಸಕ್ಕೆ ಬಾರದ ಶೇರು ಚಾಚಿದರೆ ಮೊದಲ ಸಲಕ್ಕೇ “ಆಯ್ತು ಅಕ್ಕ” ಎಂದು ತೆಗೆದುಕೊಂಡರು. ಮೂರು ತಾಸಿನಲ್ಲಿ ಶಿವಕ್ಕನ ಮುಂದೆ ನೋಟಿನ ರಾಶಿ, ಕೃಷ್ಣಪ್ರಸಾದರ ಮುಂದೆ ಏನೂ ಇಲ್ಲ. ಎದ್ದು, ಕೈಮುಗಿದು, “ತುಂಬ ಖುಷಿಯಾಯ್ತು” ಎಂದರು. ಸಹಿಯ ವಿಷಯ ನಾಳೆ ಹೇಳುತ್ತೇನೆಂದು ಶಿವಕ್ಕ ಹೇಳಿದ್ದಕ್ಕೂ “ಆಯ್ತು” ಎಂದು ಫೋಲ್ಡರ್ ಅಲ್ಲಿಯೇ ಬಿಟ್ಟು ಹೊರಟರು.

“ದೇವರಂಥ ಮನುಷ್ಯ,” ಎಂದೆ ನಾನು.

“ಪಾಪ,” ಎಂದರು ಜಗದೇವಪ್ಪ.

ಶಿವಕ್ಕ ನೋಟುಗಳನ್ನು ಜೋಡಿಸಿ ಪೆಟ್ಟಿಗೆಗೆ ಹಾಕಿದರು. ಆಮೇಲೆ, “ನನ್ನ ಕೊರಳು ಅವರ ಕೈಯಾಗಿತ್ತು. ಒತ್ತಲಿಲ್ಲ. ಯಾಕ?”

“ಒಳ್ಳೆಯವರು, ಅದಕ್ಕೆ.”

“ಆಟದಾಗ ಯಾಕ ಒಳ್ಳೆಯವರಾಗಬೇಕೋ? ಆಟ ಇರೋದಽ ಒತ್ತಾಕ. ಇಲ್ಲಿ ಒತ್ತಲಾರದವರು ಬ್ಯಾರೆ ಕಡೆ ಒತ್ತಾಕ ಕೈ ಕಾದಿಟ್ಟಿರ್ತಾರ. ನನ್ನ ಮನೀ ಪತ್ರ ಕೇಳಾಕ ಬಂದವರು ನನಗ ಗೆಲ್ಲಾಕ ಬಿಡ್ತಾರಂದ್ರ ಅದರಾಗ ಏನೋ ಐತಿ.”

“ಹಾಗಾದ್ರೆ ಪ್ರತಿ ವಾರ ನಿಮ್ಮನ್ನ ಮುಳುಗಿಸೋ ಜಗದೇವಪ್ಪನವರು?”

“ಅದಕ್ಕಽ ಇಪ್ಪತ್ತೆರಡು ವರ್ಷ ನಂಬಿ ಸಂಸಾರ ಮಾಡೀನಿ.”

ಜಗದೇವಪ್ಪ ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೇಡವೋ ತಿಳಿಯದೆ ಪೆಟ್ಟಿಗೆಯ ಮುಚ್ಚಳ ಹಾಕಿದರು. ನನ್ನ ಸ್ಥಿತಿಯೂ ಅದೇ. ಆ ಲೆಕ್ಕದಲ್ಲಿ ನನ್ನನ್ನು ದಿವಾಳಿ ಎಬ್ಬಿಸಿದವರೆಲ್ಲ ನನ್ನ ಹಿತೈಷಿಗಳು. ನಾನು ಯಾರನ್ನೂ ಒಮ್ಮೆಯೂ ಮುಳುಗಿಸಿರಲಿಲ್ಲ, ಮುಳುಗಿಸಲು ಬರುತ್ತಿರಲಿಲ್ಲ ಎಂಬ ಕಾರಣಕ್ಕೆ. ಅಂದರೆ ಆ ಮನೆಯಲ್ಲಿ ನಂಬಲಾಗದವನು ನಾನೊಬ್ಬನೇ.

ಸೋಮವಾರ ಶಿವಕ್ಕ ಫೋನ್ ಮಾಡಿದರು. ನಾನು ಮೆಟ್ಟಿಲ ಮೇಲೆ ಬೂಟು ಕಟ್ಟುವ ನೆಪದಲ್ಲಿ ಕೂತಿದ್ದೆ.

“ಸಾಹೇಬ್ರ, ಡೈರೆಕ್ಟರ್ ಬ್ಯಾಡ್ರಿ. ಕಂಪನಿ ನಿಮ್ಮದಽ ಇರಲಿ. ವಾಸು ಕೆಲಸ ಮಾಡೋ ಕಟ್ಟಡ ಒಂದು ನನಗ ಬಿಟ್ಟು ಕೊಡ್ರಿ. ಅಲ್ಲಿನ ಮ್ಯಾನೇಜರ್ ಜೋಡಿ ನಾನಽ ಗುತ್ತಿಗಿ ಮಾಡ್ಕೋತೀನಿ. ಅಲ್ಲಿ ಗುಡಸೋ ಐದು ಮಂದಿ ಹೆಣ್ಮಕ್ಕಳನ್ನೂ ಕರ್ಕೊಂಡು ಹೋಗ್ತೀನಿ.”

ಆ ಕಡೆಯಿಂದ ಏನೋ ಒಂದು ಮಾತು. ಶಿವಕ್ಕ ಫೋನ್ ಇಟ್ಟು ಅದನ್ನೇ ನೋಡುತ್ತಾ ನಿಂತರು.

“ಏನಂದ್ರು?”

“ಆಯ್ತು ಅಂದ್ರು.” ಅರ್ಧ ತಾಸು ಜಗ್ಗಾಡಲು ಸೆರಗು ಸಿಕ್ಕಿಸಿ ನಿಂತವರಿಗೆ ಎದುರಾಳಿ ಕಾಣೆಯಾದರೆ ಹೇಗಿರುತ್ತದೋ ಹಾಗಿತ್ತು ಅವರ ಮುಖ. “ಇದರಾಗೂ ಏನೋ ಐತಿ ಬಿಡು.”

ಏನೂ ಇರಲಿಲ್ಲ. ಏಪ್ರಿಲ್ ಒಂದರಿಂದ ನಮ್ಮ ಕಟ್ಟಡ ಶಿವಕ್ಕನದಾಯಿತು. ಅದಾದ ಮೇಲಿನ ಶನಿವಾರ, ಸಹಿ ಇಲ್ಲದ ಫೋಲ್ಡರನ್ನೂ ಒಂದು ಡಬ್ಬಿ ಹೋಳಿಗೆಯನ್ನೂ ಕೊಟ್ಟು ನನ್ನನ್ನು ರೇನರ್ಸ್ ಲೇನಿಗೆ ಅಟ್ಟಿದರು. ವಿಕ್ಟೋರಿಯಾ ತನಕ ರೈಲು, ಆಮೇಲೆ ನೆಲದಡಿಯ ಎರಡು ಟ್ಯೂಬ್ ರೈಲು. ದಾರಿಯುದ್ದಕ್ಕೂ ನಾನು ಕೃಷ್ಣಪ್ರಸಾದರನ್ನು ಒಮ್ಮೆ ಸಂತನನ್ನಾಗಿ, ಒಮ್ಮೆ ಕಳ್ಳನನ್ನಾಗಿ ಮಾಡಿ ನೋಡಿದೆ. ಎರಡಕ್ಕೂ ಆ ಟೈ ಹೊಂದುತ್ತಿತ್ತು.

ಅವರು ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತಿದ್ದರು. ಹೋಳಿಗೆ ಮುರಿಯುತ್ತಿದ್ದ ಹೊತ್ತಿಗೆ ಕೇಳಿಯೇಬಿಟ್ಟೆ. “ಸಾರ್, ಆ ದಿನ ಶಿವಕ್ಕನ್ನ ಮುಗಿಸಬಹುದಿತ್ತು. ಯಾಕೆ ಬಿಟ್ಟಿರಿ?”

“ಮುಗಿಸುವುದಾ? ಎಂಥದು ಮುಗಿಸುವುದು?”

“ಶೇರು ಮಾರಿದ್ದರೆ ಅವರು ಮುಳುಗ್ತಿದ್ರು.”

“ಹೌದಾ!” ಅವರು ನಿಜವಾಗಿಯೂ ಬೆರಗಾದರು. “ನನಗೆ ಆ ಆಟ ಒಂದು ಚೂರೂ ಅರ್ಥ ಆಗ್ಲಿಲ್ಲ ಮಾರಾಯ. ಯಜಮಾನರು ಅಷ್ಟು ಉತ್ಸಾಹದಲ್ಲಿ ಹೇಳ್ತಾ ಇದ್ರು, ನಡುವೆ ಹೇಗೆ ಕೇಳುವುದು? ಶಿವಕ್ಕ ಕೊಟ್ಟದ್ದನ್ನು ತಕೊಂಡೆ. ಬೇಡ ಅಂದ್ರೆ ಬೇಜಾರು ಮಾಡಿಕೊಂಡರೆ?”

“ಮತ್ತೆ ಮನೆ ಪತ್ರ?”

“ಅದೂ ಹಾಗೇ. ಬ್ಯಾಂಕಿನವ ಏನೋ ಹೇಳಿದ. ನಾನು ಹಾಂ ಹಾಂ ಅಂದೆ.”

ಸಂಜೆ ವಾಪಸು ಬಂದು ಎಲ್ಲವನ್ನೂ ಶಿವಕ್ಕನಿಗೆ ಒಪ್ಪಿಸಿದೆ. ಸಿಂಕಿನ ಮುಂದೆ ಡಬ್ಬಿ ತೊಳೆಯುತ್ತಿದ್ದವರು ನೀರು ನಿಲ್ಲಿಸಿದರು.

“ಅಂದ್ರ ಕಳ್ಳ ಅಲ್ಲ.”

“ಅಲ್ಲವೇ ಅಲ್ಲ.”

“ಹಂಗಾದ್ರ ಇನ್ನೂ ಕೆಟ್ಟ! ತಿಳೀವಲ್ದು ಅಂತ ಬಾಯಿ ಬಿಡಲಾರದ ಮೂರು ತಾಸು ತಲಿ ಆಡಿಸ್ಕೋತ ಕುಂತ ಮನಶ್ಯಾ. ಕಳ್ಳಗಾದ್ರೂ ತಾ ಏನ್ ಮಾಡಾಕತ್ತೀನಿ ಅನ್ನೂದು ಗೊತ್ತಿರ್ತೈತಿ. ಇಂಥವರ ಕೈಯಾಗ ಮನೀ ಪತ್ರ ಕೊಟ್ಟಿದ್ರ ಎಲ್ಲಿ ಇಡ್ತಿದ್ರು ಅವರಿಗೇ ಗೊತ್ತಿರ್ತಿದ್ದಿಲ್ಲ.”

ಅಂದರೆ ಅವರ ತೀರ್ಮಾನ ಸರಿ, ಅದಕ್ಕೆ ಮೊದಲು ಕೊಟ್ಟ ಕಾರಣ ಪೂರ್ತಿ ತಪ್ಪು. ಹಾಗಿದ್ದರೂ ಅದು ಸರಿಯೇ ಎಂದು ಒಪ್ಪುವುದು ಹೇಗೆಂದು ನಾನು ಯೋಚಿಸುತ್ತಿರುವಾಗ ಅವರು ಡಬ್ಬಿಯನ್ನು ನಿಧಾನಕ್ಕೆ ಒರೆಸುತ್ತಾ ಕೇಳಿದರು.

“ಬೆನ್ನು ನೋವು ಖರೇನಽ ಐತೇನು?”

“ನಿಜವೇ. ಕೂರಲಿಕ್ಕೇ ಆಗುತ್ತಿರಲಿಲ್ಲ.”

“ಪಾಪ. ಉಳಿದ ಎರಡು ಕಟ್ಟಡ ಒಬ್ಬರಽ ಹ್ಯಾಂಗ ನಡಸ್ತಾರ?”

ಅದು ಮರುಕದ ದನಿಯೋ ಹಸಿವಿನ ದನಿಯೋ ತಿಳಿಯಲೆಂದು ನಾನು ಅವರ ಮುಖ ನೋಡಿದೆ. ಅಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಇದ್ದಂತೆ ಕಂಡಿತು.

“ನಾಳೆ ಊಟಕ್ಕ ಬರಾಕ ಹೇಳು ಅವರಿಗೆ.”

ನಾನು ಫೋನ್ ಕೈಗೆತ್ತಿಕೊಂಡೆ. “ಊಟ ಆದ ಮೇಲೆ ಆಟ ಇದೆ ಅಂತಲೂ ಹೇಳಲಾ?”

“ಬ್ಯಾಡ,” ಎಂದರು ಶಿವಕ್ಕ. “ಆಟ ಬ್ಯಾಡ. ಮಾತಾಡೂದೈತಿ ಅನ್ನು.”