ತೊಟ್ಟಿಲಿಗೆ ಹೋಗದ ಗುಂಡುಕಲ್ಲು

ಬೇರೆಯವರ ಸಮಾಧಿ ಓದುವುದು ನನ್ನ ಚಟ. ಭಾನುವಾರ ಬಂತೆಂದರೆ ಗಂಡನ ಬೈಕ್ ಹತ್ತಿ, ಕೊಪ್ಪದ ಸುತ್ತಮುತ್ತ ಯಾವುದಾದರೂ ಹಳೇ ಕಲ್ಲು ಹುಡುಕಿಕೊಂಡು ಹೊರಡುತ್ತೇನೆ. "ಬೇರೆಯವರ ಹೆಂಡ್ತೀರು ಸಿನಿಮಾಕ್ಕೆ ಹೋಗಣ ಅಂತಾರೆ, ನೀನು ಮಸಣಕ್ಕೆ ಕರೀತೀಯಲ್ಲ ಮಾರಾಯ್ತಿ" ಎಂದು ಅವರು ಗೊಣಗುತ್ತಾರೆ. ಗೊಣಗಿಕೊಂಡೇ ಪೆಟ್ರೋಲ್ ಹಾಕಿಸುತ್ತಾರೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕೂತ ಅವನೇ. ಮಾಸ್ತಿಕಲ್ಲಿನಲ್ಲಿ ಎತ್ತಿದ ಒಂದು ಕೈ, ಅದರ ತುಂಬ ಬಳೆ. ಗಂಡನ ಚಿತೆ ಏರಿದವಳು ಮುತ್ತೈದೆಯಾಗಿಯೇ ಹೋದಳು ಎಂದು ಹೇಳುವುದಕ್ಕೆ. ಪಕ್ಕದಲ್ಲಿ ಸೂರ್ಯ, ಚಂದ್ರ. ಅವರಿರುವ ತನಕ ಇವಳ ನೆನಪಿರಲಿ ಎಂದು. ಆದರೆ ನಾನು ನೋಡಿದ ಯಾವ ಮಾಸ್ತಿಕಲ್ಲಿನಲ್ಲೂ ಹೆಸರಿರಲಿಲ್ಲ. ಬಳೆಗಳನ್ನು ಒಂದೊಂದಾಗಿ ಕೆತ್ತಿದವನಿಗೆ ಹೆಸರು ಕೆತ್ತಲು ಪುರುಸೊತ್ತಿರಲಿಲ್ಲವೇ ಎಂದು ನನಗೆ ಸಿಟ್ಟು ಬರುತ್ತದೆ.

ಅದಕ್ಕಿಂತ ಹೆಚ್ಚು ಸಿಟ್ಟು ಬರುವುದು ಆ ಕಲ್ಲಿಗೆ ಕುಂಕುಮ ಹಚ್ಚುವವರ ಮೇಲೆ. ನಮ್ಮ ಕಡೆ ಯಾವುದೇ ಕಲ್ಲು ನಾಲ್ಕು ಮಳೆಗಾಲ ಅಲ್ಲಾಡದೆ ಕೂತರೆ ದೇವರಾಗಿಬಿಡುತ್ತದೆ. "ಇದು ಅಮ್ಮನವರಲ್ಲ, ಸುಟ್ಟುಕೊಂಡು ಸತ್ತ ಒಬ್ಬ ಹೆಂಗಸಿನ ಕಲ್ಲು" ಎಂದು ನಾನು ಎಷ್ಟು ಜನರ ಹತ್ತಿರ ಜಗಳವಾಡಿದ್ದೇನೋ ಲೆಕ್ಕವಿಲ್ಲ.

ನರಸಿಂಹರಾಜಪುರದ ಕಡೆಯ ಒಂದು ಕ್ರೈಸ್ತರ ಸ್ಮಶಾನದಲ್ಲಿ ಮೊಣಕಾಲೆತ್ತರದ ಹಳೇ ಕಲ್ಲೊಂದಿದೆ. ಅದರ ಮೇಲೆ ತೊಟ್ಟು ಮುರಿದ ಒಂದು ಮೊಗ್ಗು. ನನ್ನ ಜೊತೆ ಬಂದಿದ್ದ ನಮ್ಮ ಶಾಲೆಯ ಟೀಚರು, "ಮೊಗ್ಗು ಅಂದ್ರೆ ಮಗು. ಅರಳೋಕೆ ಮೊದ್ಲೇ ಹೋಯ್ತು ಅಂತ" ಎಂದರು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ಛತ್ರಿ ಹಿಡಿದು ನಿಂತರು.

ನನ್ನ ಮಗಳೂ ಮಣ್ಣಿನಲ್ಲಿದ್ದಾಳೆ. ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ.

ಬಾಣಂತನಕ್ಕೆ ತವರಿಗೆ, ಮೆಣಸೆಗೆ ಹೋಗಿದ್ದೆ. ಹನ್ನೆರಡನೇ ದಿನಕ್ಕೆ ತೊಟ್ಟಿಲು ಶಾಸ್ತ್ರ. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುವ ಗುಂಡುಕಲ್ಲನ್ನು ಅಜ್ಜಿ ತೊಳೆದು ಜಗಲಿಯ ಮೇಲೆ ಇಟ್ಟಿದ್ದಳು. ಶಾಸ್ತ್ರದಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಅದು. ಅದನ್ನು ತೂಗಿ, "ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರು" ಎಂದು ಹರಸಿ, ಆಮೇಲೆ ಕೂಸನ್ನು ಮಲಗಿಸಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಾರೆ. ಅಜ್ಜಿ ತನ್ನ ಹಳೇ ಸೀರೆಯಲ್ಲಿ ಎರಡು ಕುಲಾವಿ ಹೊಲಿದಿದ್ದಳು, ಒಂದು ಕೂಸಿಗೆ, ಒಂದು ಕಲ್ಲಿಗೆ. ಹೆಸರನ್ನು ನಾನು ಆರಿಸಿದ್ದೆ. ಮೊದಲು ಕೂಸಿನ ಕಿವಿಗೇ ಬೀಳಲಿ ಎಂದು ಗಂಡನಿಗೂ ಹೇಳಿರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಕೂಸು ಏಳಲಿಲ್ಲ.

ಅಷ್ಟು ಸಣ್ಣ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಬಾಣಂತಿ ಹೊಸಿಲು ದಾಟಬಾರದು ಎಂದರು. ಕೊನೆಗೊಮ್ಮೆ ಎತ್ತಿಕೊಳ್ಳುತ್ತೇನೆ ಎಂದರೆ, ಮುಟ್ಟಬೇಡ ಎಂದರು. ಮನೆಯ ಕೆಲಸದ ಅಣ್ಣ ಬಟ್ಟೆಯಲ್ಲಿ ಸುತ್ತಿಕೊಂಡು ಅಪ್ಪಯ್ಯನ ಹಿಂದೆ ಹೋದ. ಎಲ್ಲಿಗೆ ಎಂದು ಎಷ್ಟು ಕೇಳಿದರೂ ಅಪ್ಪಯ್ಯ ಸಾಯುವವರೆಗೆ ಬಾಯಿ ಬಿಡಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಒಂಬತ್ತು ವರ್ಷದ ಮೇಲೆ, ಆ ಅಣ್ಣ ಹಾಸಿಗೆ ಹಿಡಿದು ಬಸರೀಕಟ್ಟೆಯ ಮಗಳ ಮನೆಯಲ್ಲಿದ್ದಾನೆ ಎಂದು ಗೊತ್ತಾಯಿತು. ಹಣ್ಣು ತೆಗೆದುಕೊಂಡು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನಿಗೆ ತಿಳಿಯಿತು.

"ಹೊಳೆಗೆ ಇಳಿಯೋ ದಾರೀಲಿ ಧೂಪದ ಮರ ಐತಲ್ಲ ಅಮ್ಮ, ಅದರ ಬುಡ್ದಾಗೆ. ಜಾಗ ಗೊತ್ತಾದ್ರೆ ಅಲ್ಲೇ ಹೋಗಿ ಕೂರ್ತಾಳೆ, ಹೇಳ್ಬ್ಯಾಡ ಅಂದಿದ್ರು ಅಯ್ಯ. ನರಿ ಕೆದಕ್ತಾವೆ ಅಂತ ಮೇಲಿಡಾಕೆ ಭಾರದ ಕಲ್ಲು ಬೇಕಿತ್ತು. ಜಗ್ಲಿ ಮ್ಯಾಲೆ ಗುಂಡುಕಲ್ಲು ಕೂತಿತ್ತು, ಕುಲಾವಿ ಹಾಕ್ಕಂಡು. ಕೂಸು ಒಂದೇ ಹೋಗಾದು ಬ್ಯಾಡ ಅಂತ ಅದನ್ನೂ ಎತ್ಕಂಡೆ."

"ಕುಲಾವಿ?"

"ತೆಗೀಲಿಲ್ಲ ಅಮ್ಮ. ಮನ್ಸು ಬರ್ಲಿಲ್ಲ."

ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವನಿಗೆ ಗಾಬರಿಯಾಯಿತು. ಆ ಕಲ್ಲಿನ ಮೇಲೆ ಒಂದು ಮೊಗ್ಗು ಕೆತ್ತಿಸಬೇಕು, ಕೆಳಗೆ ಹೆಸರು ಬರೆಸಬೇಕು ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ. ಕಲ್ಲು ಕೆತ್ತುವವನ ಫೋನ್ ನಂಬರನ್ನೂ ಹುಡುಕಿಟ್ಟುಕೊಂಡೆ.

ಮರುದಿನ ಒಬ್ಬಳೇ ಬಸ್ಸಿನಲ್ಲಿ ಮೆಣಸೆಗೆ ಹೋದೆ. ಧೂಪದ ಮರ ಇತ್ತು. ಬುಡ ಗುಡಿಸಿ ಸಾರಿಸಿದ್ದರು. ಕೊಂಬೆಗೆ ಗಂಟೆ, ಹಸಿರು ಬಳೆಗಳು. ಕೆಂಪು ಬಟ್ಟೆ ಸುತ್ತಿ ಕುಂಕುಮ ಮೆತ್ತಿದ ಕಲ್ಲೊಂದು ಕೂತಿತ್ತು. ಒಂದು ಅಂಚು ಚಕ್ಕೆ ಎದ್ದಿತ್ತು. ಹನ್ನೆರಡು ವರ್ಷದವಳಿದ್ದಾಗ ದೋಸೆಗೆ ರುಬ್ಬುವಾಗ ನಾನೇ ಕೈಜಾರಿ ಬೀಳಿಸಿದ್ದು. ಅದಕ್ಕೆ ಅಜ್ಜಿಯಿಂದ ಸೌಟಿನ ಏಟೂ ತಿಂದಿದ್ದೆ. ಮೇಲುಗಡೆ ಮರದ ಹಿಡಿ ಸಿಕ್ಕಿಸುವ ತೂತು ಹಾಗೇ ಇತ್ತು.

"ಅಕ್ಕಾ, ಚಪ್ಲಿ ಅಲ್ಲೇ ಬಿಟ್ಟು ಬನ್ನಿ" ಎಂದು ಯಾರೋ ಕೂಗಿದರು. ನನ್ನದೇ ವಯಸ್ಸಿನ ಹೆಂಗಸು, ತೋಟದ ಕೆಲಸ ಮುಗಿಸಿ ಬಂದವಳು, ಕೈಯಲ್ಲಿ ಹೂವಿತ್ತು. "ಚೌಡಮ್ಮ. ಅಜ್ಜನ ಕಾಲದಿಂದ್ಲೂ ಇದಾಳೆ."

ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವಳೇ ಮಾತು ಮುಂದುವರಿಸಿದಳು. "ನಂಗೆ ಎಂಟು ವರ್ಷ ಮಕ್ಳಿರ್ಲಿಲ್ಲ. ಇಲ್ಲಿ ಹರಕೆ ಹೊತ್ಕಂಡೆ. ಈಗ ಮಗ ಅಂಗನವಾಡಿಗೆ ಹೋಗ್ತಾನೆ."

ಹತ್ತು ದಿನ ಬದುಕಿದ ನನ್ನ ಕೂಸು ಅವಳಿಗೆ ಮಗನನ್ನು ಕೊಟ್ಟಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ಮುಚ್ಚಿಡುವುದಿಲ್ಲ. ಇದು ದೇವರಲ್ಲ, ನನ್ನ ಮಗಳು ಎಂದು ಹೇಳಲು ಹೊರಟೆ. ಅವಳು ಕಲ್ಲಿಗೆ ಹೂ ಮುಡಿಸಿ, ಬಟ್ಟೆಯನ್ನು ಕೂಸಿಗೆ ಹೊದೆಸುವ ಹಾಗೆ ಸರಿಮಾಡುವುದನ್ನು ನೋಡಿದೆ. ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಬ್ಯಾಡಿ ಅಕ್ಕ. ಹೊರಗಿನವ್ರು ಮುಟ್ಟಂಗಿಲ್ಲ."

ಕೈ ಹಿಂದೆಗೆದುಕೊಂಡೆ. ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ದನಿ ತಗ್ಗಿಸಿದಳು. "ಏನಾರ ಕಷ್ಟ ಇದ್ರೆ ಹೇಳಿ. ಇದು ಅಮ್ಮನ ಕಿವಿ. ಇದ್ರಾಗೆ ಹೆಸ್ರು ಹೇಳಿದ್ರೆ ಕೇಳಿಸ್ಕಂತಾಳೆ" ಎಂದು ಆ ತೂತನ್ನು ತೋರಿಸಿದಳು. "ಯಾರ ಹೆಸ್ರಲ್ಲಿ?"

"ಮಗಳ ಹೆಸರಲ್ಲಿ" ಎಂದೆ.

"ಹೆಸ್ರೇನು?"

ಒಂಬತ್ತು ವರ್ಷ ಬಾಯಿಂದ ಹೊರಗೆ ಬಾರದ ಹೆಸರು. ಹೇಳಿದೆ. ದನಿ ಒಡೆದು ಅವಳಿಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದೆ. ಅವಳು ಸೆರಗು ಹೊದ್ದು, ಬಗ್ಗಿ, ಬಾಯನ್ನು ತೂತಿನ ಹತ್ತಿರಕ್ಕೆ ತಂದು ಆ ಹೆಸರನ್ನು ಮೂರು ಸಲ ಹೇಳಿದಳು. ನಾನು ಎರಡು ಮಾರು ದೂರದಲ್ಲಿ ಬರಿಗಾಲಲ್ಲಿ ನಿಂತಿದ್ದೆ.

ಎದ್ದು ಬಂದು ನನ್ನ ಕೈಗೆ ಒಂದು ಹೂ ಹಾಕಿದಳು.

"ಅಳ್ಬ್ಯಾಡಿ ಅಕ್ಕ. ಇನ್ನೇನೂ ಆಗಲ್ಲ. ಗುಂಡುಕಲ್ಲಿನ ಹಾಗೆ ಇರ್ತಾಳೆ ನಿಮ್ಮಗಳು."