ಏಳನೇ ಫಿಲ್ಟರಿನ ಕೆಂಪು ಕಲೆ

‘ಶಿಕ್ಷಕರ ಕೈಯಿಂದ ಮಲಿನಗೊಂಡಿದೆ. ಬ್ಯಾಡಗಿ ಭಾಗವನ್ನು ಕೈಬಿಡಲಾಗಿದೆ.’

ವರದಿಯ ಕರಡಿನಲ್ಲಿ ಹೀಗೆ ಬರೆದಿದ್ದರು. ಆ ಶಿಕ್ಷಕ ನಾನು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಓದಿದವನು. ಅಳೆದು ತೋರಿಸದ ಮಾತನ್ನು ಒಪ್ಪುವವನಲ್ಲ. ಮನೆಯಲ್ಲಿ ಇದಕ್ಕಾಗಿ ಬೈಸಿಕೊಂಡಿದ್ದೂ ಇದೆ. ಆ ಬೇಸಿಗೆ ರಜೆಯಲ್ಲಿ ಶಿಕ್ಷಕರನ್ನು ಸಂಶೋಧನಾ ವಿಮಾನದಲ್ಲಿ ಕೂರಿಸಿ ಗಾಳಿಯನ್ನು ಅಳೆಯಲು ಕಲಿಸುವ ಶಿಬಿರವೊಂದು ನಡೆಯಿತು. ಹಾವೇರಿಯಲ್ಲಿ ಆರು ದಿನ ಪಾಠ, ಆಮೇಲೆ ಹುಬ್ಬಳ್ಳಿಯಿಂದ ಒಂದು ಹಾರಾಟ. ರೈಲು ಹಳಿಯ ಗುಂಟ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮೇಲೆ ಹಾರಿ, ದೂಳು ಎಲ್ಲಿ ಎಷ್ಟಿದೆ ಎಂದು ನಕ್ಷೆ ಮಾಡುವುದು. ಅರ್ಜಿ ಹಾಕಿದೆ, ಆಯ್ಕೆಯಾದೆ.

ನನಗೆ ಬೇಕಾಗಿದ್ದದ್ದು ಬ್ಯಾಡಗಿ. ಅಲ್ಲಿ ನನ್ನ ಅಕ್ಕ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಾಳೆ. ತನ್ನೂರು ಕದರಮಂಡಲಗಿಯಿಂದ ಬೆಳಗಿನ ಬಸ್ಸಿಗೆ ಬಂದು ತಗಡಿನ ಶೆಡ್ಡಿನಲ್ಲಿ ಕೂತರೆ ಏಳುವುದು ಸಂಜೆಗೆ. ಅವಳ ಕೆಮ್ಮಿಗೆ ಡಾಕ್ಟರು ‘ಮನೆತನದ ದಮ್ಮು’ ಎಂದರು. ನಮ್ಮ ಮನೆತನದಲ್ಲಿ ಇನ್ನಾರಿಗೂ ಉಬ್ಬಸವಿಲ್ಲ. ಶೆಡ್ಡಿನ ಮಾಲೀಕನಿಗೆ ಹೊಣೆ ಜಾರಿಸಲು ಡಾಕ್ಟರರ ಆ ಒಂದು ಮಾತೇ ಸಾಕಾಗಿತ್ತು.

‘ಅಕ್ಕಾ, ಈ ಸಲ ನಿಮ್ಮ ಗಾಳಿ ಕಾಗದದ ಮ್ಯಾಲ ಬರ್ತೈತಿ ನೋಡು’ ಎಂದೆ.

‘ಕಾಗದಕ್ಕೂ ಕೆಮ್ಮು ಬರ್ತೈತೇನಪಾ?’ ಎಂದಳು. ಸುತ್ತ ಕೂತ ಹೆಂಗಸರು ನಕ್ಕರು. ನಗುತ್ತಲೇ ಕೆಮ್ಮಿದರು.

ಹಾರಾಟದ ದಿನ ಹೆಂಡತಿ ಬುತ್ತಿ ಕಟ್ಟಿದ್ದಳು. ಗರಿಗರಿಯಾದ ಕಟಕ ರೊಟ್ಟಿ, ಕೆಂಪು ಮೆಣಸಿನಕಾಯಿ ರುಬ್ಬಿ ಮಾಡಿದ ರಂಜಕ, ಮೊಸರು. ನಮ್ಮ ಕಡೆ ಬುತ್ತಿ ಬಿಚ್ಚಿದವನು ಒಬ್ಬನೇ ಉಣ್ಣುವುದಿಲ್ಲ. ವಿಮಾನ ನಿಲ್ಲಿಸುವ ಶೆಡ್ಡಿನ ನೆರಳಲ್ಲಿ ಎಲ್ಲರ ಮುಂದೆ ಹಿಡಿದೆ. ನಮಗೆ ಪಾಠ ಹೇಳುತ್ತಿದ್ದ ಬೆಂಗಳೂರಿನ ಯುವ ವಿಜ್ಞಾನಿ, ‘ಸಖತ್ತಾಗಿದೆ ಸರ್, ಇನ್ನೊಂದು ರೊಟ್ಟಿ ಇದ್ಯಾ?’ ಎಂದ.

‘ಸಾವಕಾಶ ತಿನ್ರಿ ಸಾಹೇಬ್ರ’ ಎಂದರು ನನ್ನ ಜೊತೆಗಿದ್ದ ಹಾವೇರಿಯ ಮಾಸ್ತರರು. ‘ಬಣ್ಣ ಅಷ್ಟಽ ಬ್ಯಾಡಗೀದು, ಖಾರ ಗುಂಟೂರಿಂದು. ಕಿವ್ಯಾಗ ಹೊಗಿ ಬರ್ತೈತಿ.’

ಬಾಟಲಿಯ ನೀರಿನಲ್ಲಿ ಕೈ ತೊಳೆದೆವು. ರಂಜಕದ ಎಣ್ಣೆ ನೀರಿಗೆ ಬಿಡುವುದಿಲ್ಲ ಎನ್ನುವುದು ನಮ್ಮ ಸೀಮೆಯ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ವಿಮಾನ ಹತ್ತುವ ಅವಸರ.

ವಿಮಾನದಲ್ಲಿ ಎರಡು ಸಾಧನಗಳಿದ್ದವು. ಒಂದು, ಹೊರಗೆ ಚಾಚಿದ ನಳಿಗೆಯಿಂದ ಗಾಳಿ ಎಳೆದು ದೂಳಿನ ಕಣಗಳನ್ನು ಎಣಿಸುವ ಯಂತ್ರ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಇನ್ನೊಂದು, ಗಾಳಿ ಸೋಸುವ ಬಿಳಿಯ ಫಿಲ್ಟರ್ ಕಾಗದಗಳ ಡಬ್ಬಿ. ಉಂಡ ಮೇಲೆ, ವಿಮಾನ ಹಾರುವ ಮೊದಲು, ಕಾಗದಗಳನ್ನು ಡಬ್ಬಿಯಲ್ಲಿ ಜೋಡಿಸಿಟ್ಟವನು ಯುವ ವಿಜ್ಞಾನಿ. ಹಾರುವಾಗ ಒಂದೊಂದಾಗಿ ಬದಲಿಸುವುದು ನನ್ನ ಕೆಲಸ. ಬ್ಯಾಡಗಿಯ ಮೇಲಿನದು ಏಳನೆಯದು. ಕೆಳಗೆ ಕದರಮಂಡಲಗಿಯ ಗುಡಿಯನ್ನು ಹುಡುಕುತ್ತಿದ್ದೆ, ಸಿಗಲಿಲ್ಲ. ಅಷ್ಟರಲ್ಲಿ ಎಣಿಸುವ ಯಂತ್ರದ ಗೆರೆ ಮೇಲೇರಿತು. ಊರು ದಾಟಿದ ಮೇಲೆ ಇಳಿಯಿತು. ಹಾವೇರಿಯ ಮಾಸ್ತರರು ನನ್ನ ತೊಡೆ ತಟ್ಟಿ ತೋರಿಸಿದರು.

ಇಳಿದ ಮೇಲೆ ಡಬ್ಬಿ ತೆಗೆದರೆ ಏಳನೆಯ ಕಾಗದದ ಅಂಚಿನಲ್ಲಿ ಬೆರಳಿನಷ್ಟು ಕೆಂಪು ಕಲೆ.

ವಾರದ ನಂತರ ಯುವ ವಿಜ್ಞಾನಿ ಹಾವೇರಿಗೆ ಕರೆಸಿಕೊಂಡು ಕರಡನ್ನು ಮುಂದಿಟ್ಟ.

‘ನೀವು ಗ್ಲೌಸ್ ಹಾಕ್ಕೊಂಡಿರ್ಲಿಲ್ಲ ಸರ್.’

‘ಹಾಕ್ಕೊಂಡಿದ್ದೆ.’

ಅವನು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಬರಿಗೈಯಲ್ಲಿ ಡಬ್ಬಿ ಹಿಡಿದು ನಗುತ್ತಿರುವ ನಾನು. ಹಿಂದೆ ಕಾಣುವುದು ವಿಮಾನದ ಶೆಡ್ಡಿನ ಗೋಡೆಯೋ, ಕಿಟಕಿಯಾಚೆಯ ಮೋಡವೋ ತಿಳಿಯದ ಬಿಳುಪು. ಅದನ್ನು ಯಾವಾಗ ತೆಗೆದರೋ ನನಗೆ ನೆನಪಿಲ್ಲ. ನನಗೆ ನೆನಪಿರುವುದು ನೀಲಿ ಗ್ಲೌಸು. ಆದರೆ ಪಾಠದ ಆರೂ ದಿನ ನೀಲಿ ಗ್ಲೌಸು ಹಾಕಿದ್ದೆ. ಯಾವ ದಿನದ ನೀಲಿ ಯಾವ ದಿನಕ್ಕೆ ಅಂಟಿಕೊಂಡಿದೆಯೋ ಯಾರು ಬಲ್ಲರು?

‘ನೀವೂ ತಿಂದ್ರಲ್ಲ? ಡಬ್ಬಿ ತುಂಬಿದವರು ನೀವು.’

‘ನಾನು ಸ್ಪೂನಲ್ಲಿ ತಿಂದೆ ಸರ್.’

ಕಟಕ ರೊಟ್ಟಿಯನ್ನು ಚಮಚದಲ್ಲಿ ತಿಂದ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಆದರೆ ರಂಜಕ ಬಡಿಸಲು ಹೆಂಡತಿ ಒಂದು ಚಮಚ ಇಟ್ಟಿದ್ದಳು, ಅದು ನಿಜ. ಅವನು ಅದನ್ನು ಹಿಡಿದಿದ್ದನೇ? ಅವನ ಕೆಂಪಾದ ಬೆರಳುಗಳು ನನ್ನ ಕಣ್ಣಮುಂದೆ ಇವೆ. ಅವನ್ನು ನಾನು ಕಂಡಿದ್ದೋ, ಸಿಟ್ಟಿನಲ್ಲಿ ಈಗ ಬರೆದುಕೊಂಡಿದ್ದೋ?

‘ಹೋಗಲಿ, ಆ ಕಾಗದ ಎಸೆಯಿರಿ. ಎಣಿಸುವ ಯಂತ್ರಕ್ಕೆ ನನ್ನ ಕೈ ಹೆಂಗ ತಾಗತೈತಿ?’

‘ಒಂದು ಸ್ಯಾಂಪಲ್ ಹಾಳಾದ್ರೆ ಇಡೀ ಭಾಗ ಬಿಡೋದು ನಮ್ಮ ಪದ್ಧತಿ ಸರ್. ಸಹಿ ಮಾಡಿ, ಸರ್ಟಿಫಿಕೇಟ್ ತಗೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.’

ಸಹಿ ಮಾಡಲಿಲ್ಲ. ‘ಮಾಡುವುದಿಲ್ಲ’ ಎಂದೂ ಹೇಳಲಿಲ್ಲ. ಕರಡನ್ನು ಮಡಿಚಿ ಜೇಬಿಗಿಟ್ಟುಕೊಂಡು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಬೈಯಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ಬಂದವು. ಅಷ್ಟು ಎತ್ತರದ ಗಾಳಿಯಲ್ಲಿ ಮೆಣಸಿನ ಪುಡಿ ಕಲೆಯಾಗುವಷ್ಟು ಇರುವುದಿಲ್ಲ, ಅದು ನನಗೂ ಗೊತ್ತು. ಕಲೆ ಯಾರದೋ ಬೆರಳಿನದೇ. ಹತ್ತು ಜನ ಉಂಡ ಬುತ್ತಿಯಲ್ಲಿ ನನ್ನ ಬೆರಳನ್ನಷ್ಟೇ ಹೆಕ್ಕಿ ತೆಗೆದಿದ್ದರು. ಆ ಬೆರಳಿನ ನೆಪದಲ್ಲಿ ಒಂದು ಊರನ್ನೇ ಅಳಿಸಿದ್ದರು.

ಬ್ಯಾಡಗಿಯಲ್ಲಿ ಇಳಿದು ನೇರ ಶೆಡ್ಡಿಗೆ ಹೋದೆ. ಅಕ್ಕ ಎಲ್ಲವನ್ನೂ ಕೇಳಿದಳು. ಅವಳ ಕೈ ಮಾತ್ರ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

‘ಕೈ ಉರೀತೇನು?’ ಎಂದಳು.

‘ಯಾವಾಗ?’

‘ವಿಮಾನದಾಗೋ, ಮತ್ಯಾವಾಗ? ನಮಗೂ ಒಮ್ಮೆ ಗ್ಲೌಸ್ ಕೊಟ್ಟಿದ್ರು, ಯಾರೋ ನೋಡಾಕ ಬರ್ತಾರಂತ. ಖಾರದ ಕೈ ಅದರಾಗ ಬೆವತ್ರ ಬೆಂಕಿ ಹಚ್ಚಿದಂಗ ಆಗತೈತಿ. ಮಧ್ಯಾಹ್ನದಾಗ ಎಲ್ಲಾರೂ ಕಿತ್ತು ಒಗದ್ವಿ. ನೀ ಹಾಕ್ಕೊಂಡಿದ್ದಿ ಅಂದ್ರ ಉರಿದಿರಬೇಕು. ಇಲ್ಲಂದ್ರ ಇಲ್ಲ.’

ಪಕ್ಕದವಳು ಬಾಯಿ ಹಾಕಿದಳು: ‘ಸಾಲಿ ಕಲಿಸೋ ಕೈ ಅದು, ಉರಿ ಹೆಂಗ ಗೊತ್ತಾಕ್ಕೈತಿ ಬಿಡವಾ!’

‘ಗೊತ್ತಾಗೇತಿ, ಆಗೇತಿ’ ಎಂದಳು ಅಕ್ಕ. ‘ಅವತ್ತ ಸಂಜೀಕ ಫೋನ್ ಮಾಡಿ, ಕೈ ಉರ್‍ಯಾಕತ್ತಾವ, ಏನ್ ಹಚ್ಚಲಿ ಅಂದಿ. ಕೊಬ್ಬರಿ ಎಣ್ಣಿ ಹಚ್ಚು, ನೀರ್ ಹಚ್ಚಬ್ಯಾಡ ಅಂದ್ನಿ. ಮರತ್ಯೇನು?’

ಮರೆತಿದ್ದೆ. ಪೂರ್ತಿ ಮರೆತಿದ್ದೆ. ಫೋನ್ ತೆಗೆದು ಹಿಂದಕ್ಕೆ ಸರಿಸುತ್ತ ಹೋದೆ. ಹಾರಾಟದ ದಿನ ಸಂಜೆ ಅಕ್ಕನಿಗೆ ಮಾಡಿದ ಕರೆ ಅಲ್ಲಿತ್ತು. ಅದರಲ್ಲಿ ಏನು ಮಾತಾಡಿದೆನೆಂದು ಫೋನು ಹೇಳುವುದಿಲ್ಲ. ಆದರೂ ಅಲ್ಲಿ ನಿಂತಂತೆಯೇ ಅಂಗೈ ಬೆಚ್ಚಗಾದಂತೆ ಅನಿಸಿತು. ಆ ಬಿಸಿಯನ್ನೂ ನಾನು ನಂಬಲಿಲ್ಲ. ಅಕ್ಕನನ್ನು ನಂಬಿದೆ. ಅವಳಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇರಲಿಲ್ಲ, ನನಗೆ ಇತ್ತು.

ರಾಣೆಬೆನ್ನೂರಿಗೆ ಬಂದು ಪತ್ರ ಬರೆದೆ. ‘ಗ್ಲೌಸು ಹಾಕಿದ್ದೆ ಎಂದು ನನ್ನ ನೆನಪಿನ ಮೇಲೆ ಹೇಳುತ್ತಿಲ್ಲ, ಅದನ್ನು ಹೇಳುವ ಸಾಕ್ಷಿ ಇದ್ದಾಳೆ. ಏಳನೆಯ ಫಿಲ್ಟರ್ ಹಾಳಾಗಿದೆ, ಬಿಡಿ. ಎಣಿಸುವ ಯಂತ್ರದ ಅಂಕಿಗಳನ್ನು ಬಿಡಲು ಕಾರಣವಿಲ್ಲ. ನಾನು ಸಹಿ ಮಾಡುವುದಿಲ್ಲ.’ ಸಾಕ್ಷಿ ಯಾರು ಎಂದು ಅವರು ಕೇಳಲೇ ಇಲ್ಲ. ‘ಮುಂದಿನ ಹಾರಾಟದಲ್ಲಿ ಪರಿಗಣಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬಂತು. ಸರ್ಟಿಫಿಕೇಟು ಬರಲಿಲ್ಲ. ಶಾಲೆ ತೆರೆದ ಮೇಲೆ ಹೆಡ್‌ಮಾಸ್ತರರು, ‘ಒಂದು ಸಹಿಗೆ ಇಷ್ಟು ಜಿದ್ದು ಯಾಕ್ರಿ?’ ಎಂದರು.

ಆಗಸ್ಟ್ ಹೊತ್ತಿಗೆ ನಕ್ಷೆ ಅಚ್ಚಾಗಿ ಎಲ್ಲ ಶಾಲೆಗಳಿಗೂ ಬಂತು. ಹಾವೇರಿಗೆ ಹಳದಿ ಬಣ್ಣ, ರಾಣೆಬೆನ್ನೂರಿಗೆ ಕಿತ್ತಳೆ. ನಡುವೆ ಬ್ಯಾಡಗಿ ಇರಬೇಕಾದಲ್ಲಿ ಬಿಳಿ. ಎಷ್ಟು ಸ್ವಚ್ಛ ಬಿಳಿಯೆಂದರೆ, ನೋಡಿದ ಮಕ್ಕಳು ಅಲ್ಲಿ ದೂಳೇ ಇಲ್ಲ ಎಂದುಕೊಳ್ಳುತ್ತಾರೆ. ಅದನ್ನು ಸುರುಳಿ ಸುತ್ತಿ ಮರುದಿನವೇ ಶೆಡ್ಡಿಗೆ ಒಯ್ದೆ.

‘ಇದರಾಗ ನಾವು ಎಲ್ಲಿ ಅದೇವಿ?’ ಎಂದಳು ಅಕ್ಕ.

‘ಇಲ್ಲಿ’ ಎಂದು ಬಿಳಿಯ ಜಾಗ ತೋರಿಸಿದೆ.

‘ಇಲ್ಲೇನು?’ ಎಂದು ಅವಳು ಬೆರಳು ಊರಿದಳು. ಕೆಮ್ಮು ಬಂತು, ಬೆರಳು ಅಲ್ಲೇ ಒತ್ತಿ ನಿಂತಿತು. ತೆಗೆದಾಗ ಬಿಳಿಯ ಮೇಲೆ ಕೆಂಪು ಗುರುತು. ‘ಅಯ್ಯ, ಹೊಲಸು ಮಾಡಿದ್ನಲ್ಲೋ’ ಎಂದು ಸೆರಗಿನಿಂದ ಒರೆಸಲು ಬಂದಳು. ಕೈ ಹಿಡಿದೆ.

ಈಗ ಆ ನಕ್ಷೆ ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿದೆ. ನೋಡಿದ ಮಕ್ಕಳು ಕೇಳುತ್ತಾರೆ, ‘ಸರ್, ಇದೇನ್ರಿ ಕೆಂಪಗ?’ ಈ ಕಲೆ ಯಾರ ಕೈಯದೆಂದು ನನಗೆ ಸರಿಯಾಗಿ ಗೊತ್ತು. ಹೇಳುತ್ತೇನೆ.