ಎಂಟು ಬೇಕಾದ ತಪ್ಪುಗಳು, ಮೂರು ಬೇಡದ ತಪ್ಪುಗಳು

ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರ ಮೂವತ್ತೆರಡು ವರ್ಷಗಳ ಸೇವೆಯನ್ನು ಕಾಲಾನುಕ್ರಮದಲ್ಲಿ ಹೀಗೆ ವಿಂಗಡಿಸಬಹುದು: ಮೊದಲ ಹನ್ನೊಂದು ವರ್ಷ ನಮ್ಮ ಚಲನಚಿತ್ರ ಶಾಲೆಯ ಸಂಕಲನ ಕೊಠಡಿಯಲ್ಲಿ ಸಹಾಯಕಿ, ಮುಂದಿನ ಹದಿನಾಲ್ಕು ವರ್ಷ ಉಪನ್ಯಾಸಕಿ, ಕೊನೆಯ ಏಳು ವರ್ಷ ಸಂಕಲನ ವಿಭಾಗದ ಮುಖ್ಯಸ್ಥೆ. ಇವುಗಳಲ್ಲಿ ನಾನು ಕಣ್ಣಾರೆ ಕಂಡದ್ದು ಕೊನೆಯ ನಾಲ್ಕು ವರ್ಷಗಳನ್ನು ಮಾತ್ರ. ಅದಕ್ಕೂ ಹಿಂದಿನ ಸಂಗತಿಗಳಲ್ಲಿ, ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಕನಿಷ್ಠ ಇಬ್ಬರು ಒಂದೇ ರೀತಿ ಹೇಳಿದ್ದನ್ನಷ್ಟೇ ಇಲ್ಲಿ ಸೇರಿಸಿದ್ದೇನೆ.

ಮನೋವೈಜ್ಞಾನಿಕ ಥ್ರಿಲ್ಲರ್ ಚಿತ್ರಗಳ ಸಂಕಲನವನ್ನು ಕೈಚಳಕವೆಂದು ಮೆಚ್ಚಿ ಸುಮ್ಮನಾಗುವವರೇ ಹೆಚ್ಚಾಗಿದ್ದ ಕಾಲದಲ್ಲಿ, ಅದನ್ನು ಪ್ರಶ್ನಿಸಬಹುದಾದ, ಪರೀಕ್ಷಿಸಬಹುದಾದ, ಕಲಿಸಬಹುದಾದ ವಿದ್ಯೆಯನ್ನಾಗಿ ಕಟ್ಟಿದವರಲ್ಲಿ ನಮ್ಮ ಮೇಡಂ ಮೊದಲಿಗರು. ನಿಗೂಢತೆ ಹುಟ್ಟುವುದು ಕತ್ತಲೆಯಿಂದಲ್ಲ, ರೂಢಿಯಿಂದ ಎಂಬುದು ಅವರ ಪ್ರತಿಪಾದನೆ. ತೆರೆಯ ಮೇಲೆ ಹೆಂಗಸೊಬ್ಬಳು ಮುಖ ತೊಳೆಯಲು ಬಾಗುತ್ತಾಳೆ, ಎದುರಿಗೆ ಕನ್ನಡಿಯಿದೆ. ಅವರು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ಈಗ ನಿಮಗೇನು ಗೊತ್ತು ಎಂದು ಕೇಳುತ್ತಿದ್ದರು. ಹಿಂದೆ ಯಾರೋ ನಿಂತಿದ್ದಾರೆ ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತಿತ್ತು. ಹಾಗೆಂದು ಈ ಚಿತ್ರ ಹೇಳಿತೇ ಎಂದು ಅವರು ಮತ್ತೆ ಕೇಳುತ್ತಿದ್ದರು. ಹೇಳಿದ್ದು ಇದಕ್ಕೂ ಮೊದಲು ನಾವು ನೋಡಿದ ಚಿತ್ರಗಳು. ಪ್ರೇಕ್ಷಕನ ಈ ಹಳೆಯ ಅಭ್ಯಾಸವನ್ನೇ ಮುಂದಿಟ್ಟು, ಅವನು ಕನ್ನಡಿಯನ್ನೇ ನೋಡುತ್ತಿರುವಾಗ ಕಥೆಯನ್ನು ನಲ್ಲಿಯ ಪಕ್ಕದಲ್ಲಿ ಸಾಗಿಸುವುದು ಈ ಪ್ರಕಾರದ ಕ್ರಮ ಎಂದು ಅವರು ವಿವರಿಸುತ್ತಿದ್ದರು.

ಸಂಕಲನ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟ ಪ್ರತಿ ವಿದ್ಯಾರ್ಥಿಗೂ "ನಿಧಾನ" ಎನ್ನುತ್ತಿದ್ದುದರಿಂದ ಅವರಿಗೆ ನಿಧಾನಮ್ಮ ಎಂಬ ಅಡ್ಡಹೆಸರು ಬಿದ್ದಿತ್ತು. ಅದು ಅವರಿಗೂ ಗೊತ್ತಿತ್ತು.

ನಾನು ಅವರ ವಿದ್ಯಾರ್ಥಿನಿಯಲ್ಲ. ಭೌತವಿಜ್ಞಾನದಲ್ಲಿ ಪದವಿ ಪಡೆದು, ಚಿತ್ರೀಕರಿಸಿದ ತುಣುಕುಗಳನ್ನು ಪಟ್ಟಿಮಾಡಿ ಕಾಪಿಡುವ ತಾತ್ಕಾಲಿಕ ಕೆಲಸಕ್ಕೆ ಸೇರಿದವಳು. ತಾಂತ್ರಿಕ ಸಿಬ್ಬಂದಿ ತರಗತಿಯಲ್ಲಿ ಕೂರುವಂತಿಲ್ಲವೆಂದು ಕಚೇರಿ ಆಕ್ಷೇಪಿಸಿದಾಗ, ಈಕೆ ಕೇಳುವ ಪ್ರಶ್ನೆಗಳು ತರಗತಿಗೆ ಅಗತ್ಯ ಎಂದು ಒಂದೇ ಸಾಲಿನ ಪತ್ರ ಬರೆದು ನನ್ನನ್ನು ಹಿಂದಿನ ಬೆಂಚಿನಲ್ಲಿ ಉಳಿಸಿಕೊಂಡರು. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ನನ್ನ ಪಟ್ಟಿಯನ್ನು, ನನ್ನದೇ ಕ್ರಮದಲ್ಲಿ, ಅವರೇ ಬರೆದಿಟ್ಟಿದ್ದರು. ಹಿಂದಿರುಗಿ ಬಂದು ತಾಳೆ ನೋಡಿದೆ. ಒಂದು ನಮೂದೂ ತಪ್ಪಿರಲಿಲ್ಲ.

ಇನ್ನು ಈ ಲೇಖನಕ್ಕೆ ಕಾರಣವಾದ ಪ್ರಸಂಗ. ಎರಡು ವರ್ಷಗಳ ಹಿಂದೆ, ಅವರ ಹಳೆಯ ವಿದ್ಯಾರ್ಥಿಯೊಬ್ಬರು ನಿರ್ದೇಶಿಸಿದ ಮೊದಲ ಚಿತ್ರದ ಸಂಕಲನವನ್ನು ನಮ್ಮ ವಿಭಾಗದಲ್ಲೇ ಮಾಡಲು ಮೇಡಂ ಒಪ್ಪಿಕೊಂಡಿದ್ದರು. ಕಾಣೆಯಾದ ತಂಗಿಯ ಬಗ್ಗೆ ಅಕ್ಕ ವೈದ್ಯರ ಮುಂದೆ ಹೇಳುತ್ತಾಳೆ. ಅವಳು ಹೇಳಿದ್ದನ್ನೆಲ್ಲ ನಾವು ತೆರೆಯ ಮೇಲೆ ನೋಡುತ್ತೇವೆ. ಕೊನೆಗೆ, ಅದೆಲ್ಲ ಅವಳೇ ಹೆಣೆದುಕೊಂಡ ನೆನಪೆಂದು ತಿಳಿಯುತ್ತದೆ. ತೆರೆಯ ಮೇಲೆ ಕಂಡ ಗತಕಾಲ ನಿಜವೇ ಆಗಿರುತ್ತದೆ ಎಂಬ ರೂಢಿಯ ಮೇಲೆ ಇಡೀ ಚಿತ್ರ ನಿಂತಿತ್ತು.

ಪರೀಕ್ಷಾರ್ಥ ಪ್ರದರ್ಶನಕ್ಕೆ ಎರಡು ದಿನವಿದ್ದಾಗ ಮೇಡಂ ಜ್ವರದಿಂದ ಮಲಗಿದರು. ಅಂತಿಮ ಪ್ರತಿ ಸಿದ್ಧಪಡಿಸುವ ಹೊಣೆ ನನ್ನದಾಯಿತು. ಪರಿಶೀಲಿಸುವಾಗ ಹನ್ನೊಂದು ಅಸಂಗತಿಗಳು ಕಂಡವು. ವೈದ್ಯರ ಮೇಜಿನ ಮೇಲಿನ ಲೋಟ ಅರ್ಧ ಖಾಲಿಯಾಗಿ ಮರುಕ್ಷಣ ತುಂಬಿರುತ್ತಿತ್ತು; ತಂಗಿಯ ಕೋಣೆಯ ಬಾಗಿಲು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತೆರೆಯುತ್ತಿತ್ತು. ಹನ್ನೊಂದನ್ನೂ ಪಟ್ಟಿಮಾಡಿ, ಅವೇ ದೃಶ್ಯಗಳ ಬೇರೆ ಟೇಕ್‌ಗಳನ್ನು ಹುಡುಕಿ, ಒಂದೊಂದನ್ನೂ ಸರಿಪಡಿಸಿದೆ. ಜ್ವರದಲ್ಲಿರುವವರಿಗೆ ತೊಂದರೆ ಕೊಡಬಾರದೆಂದು ಯಾರನ್ನೂ ಕೇಳಲಿಲ್ಲ. ಆ ಪಟ್ಟಿಯ ಬಗ್ಗೆ ನನಗೆ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಪ್ರದರ್ಶನಕ್ಕೆ ಇಪ್ಪತ್ತಮೂರು ಜನ ಬಂದಿದ್ದರು. ಮೇಡಂ ಶಾಲು ಹೊದ್ದು, ತಮ್ಮ ಅತ್ತೆಯವರೊಡನೆ ಬಂದು ಕೊನೆಯ ಸಾಲಿನಲ್ಲಿ ಕುಳಿತರು. ಯಾವ ಚಿತ್ರದ ಗುಟ್ಟನ್ನಾದರೂ ಮಧ್ಯಂತರಕ್ಕೆ ಮೊದಲೇ ಹೇಳಬಲ್ಲ ಆ ಹಿರಿಯರನ್ನು ಅವರು ಪ್ರತಿ ಪ್ರದರ್ಶನಕ್ಕೂ ಕರೆತರುತ್ತಿದ್ದರು. ನಿರ್ದೇಶಕರು ತೆರೆಗೆ ಬೆನ್ನು ಮಾಡಿ ಪ್ರೇಕ್ಷಕರ ಮುಖಗಳನ್ನೇ ನೋಡುತ್ತಿದ್ದರು. ಆ ಮುಖಗಳಲ್ಲಿ ಆತಂಕವಿರಲಿಲ್ಲ; ಕೊನೆಯಲ್ಲಿ ಬೇಸರವಿತ್ತು.

ದೀಪ ಹೊತ್ತಿಕೊಂಡೊಡನೆ ಅತ್ತೆಯವರೇ ಮೊದಲು ಮಾತಾಡಿದರು. "ಇದೇನೇ ಇದು, ಅಷ್ಟು ಹೊತ್ತು ನಂಬ್ಸಿ, ಕೊನೇಲಿ ಬಂದು ಎಲ್ಲಾ ಸುಳ್ಳು ಅಂದ್ಬಿಟ್ರೆ? ಒಂದು ಸುಳಿವಾದ್ರೂ ಬೇಡ್ವಾ? ನಮ್ಮನ್ನ ಕೂರ್ಸಿ ಪೆದ್ದರನ್ನ ಮಾಡಿದ ಹಾಗಾಯ್ತು."

ನಿರ್ಮಾಪಕರ ಅಭಿಪ್ರಾಯವೂ ಅದೇ ಆಗಿತ್ತು. ಗುಟ್ಟನ್ನು ಮೊದಲ ದೃಶ್ಯದಲ್ಲೇ ಹೇಳಿಬಿಡುವಂತೆ ಬೇರೊಬ್ಬರಿಂದ ಸಂಕಲನ ಮಾಡಿಸುವುದಾಗಿ ಹೇಳಿದರು. ಒಂಬತ್ತು ವರ್ಷ ಸಹಾಯಕರಾಗಿ ದುಡಿದು ಈ ಚಿತ್ರ ಮಾಡಿದ್ದ ನಿರ್ದೇಶಕರು ಕುರ್ಚಿಯಿಂದ ಏಳಲಿಲ್ಲ.

ಮೇಡಂ ನನ್ನನ್ನು ಹೊರಗಿನ ಮೊಗಸಾಲೆಗೆ ಕರೆದರು.

"ಲೋಟದಲ್ಲಿ ನೀರು ಯಾರೇ ತುಂಬ್ಸಿದ್ದು?"

"ನಾನೇ ಮೇಡಂ. ತಪ್ಪಿತ್ತು, ಸರಿ ಮಾಡ್ದೆ."

"ಎಷ್ಟು ಸರಿ ಮಾಡಿದೀಯ?"

"ಹನ್ನೊಂದು."

ಮೇಡಂ ಒಳಗೆ ಹೋಗಿ ನಿರ್ಮಾಪಕರಿಗೆ, "ತಪ್ಪು ಪ್ರತಿ ತೋರ್ಸಿಬಿಟ್ಟೆ. ನನ್ನ ಕಣ್ತಪ್ಪು. ಮೂರು ದಿನ ಕೊಡಿ" ಎಂದರು.

"ಊರಿಗೆಲ್ಲ ಪಾಠ ಹೇಳೋ ನೀವೇ ಪ್ರತಿ ಅದಲುಬದಲು ಮಾಡಿದ್ರೆ ಹೇಗೆ ಮೇಡಂ? ವಯಸ್ಸಾಯ್ತೇನೋ."

"ಆಯ್ತು ಅಂತಾನೇ ಇಟ್ಕೊಳ್ಳಿ. ಮೂರು ದಿನ ಕೊಡಿ."

ಆ ಮೂರು ದಿನ ಅವರು ಒಂದು ಶಾಟನ್ನೂ ಮುಟ್ಟಲಿಲ್ಲ. ತೆಗೆದಿದ್ದ ಪ್ರತಿಯೊಂದನ್ನೂ ನಾನೇ ಮರಳಿ ಜೋಡಿಸಬೇಕಿತ್ತು. ಅದು ಅಲ್ಲಿ ಏಕಿರಬೇಕೆಂದು ಪಟ್ಟಿಯಲ್ಲಿ ಅದರ ಎದುರಿಗೆ ಬರೆಯಬೇಕಿತ್ತು. ಅಕ್ಕನ ಮಾತನ್ನು ಪ್ರೇಕ್ಷಕ ರೂಢಿಯಂತೆ ನಂಬುತ್ತಿರುವಾಗಲೇ, ಅವನ ಕಣ್ಣಿನ ಅಂಚಿನಲ್ಲಿ ಏನೋ ಹೊಂದುತ್ತಿಲ್ಲವೆಂಬ ಕಸಿವಿಸಿಯನ್ನು, ಮೇಡಂ ಬೇಕೆಂದೇ ಇಟ್ಟಿದ್ದ ಆ ಲೋಟ, ಆ ಬಾಗಿಲು ಬಿತ್ತುತ್ತಿದ್ದವು. ಅವನ್ನು ತೆಗೆದು ನಾನು ಅಕ್ಕನ ಸುಳ್ಳಿಗೆ ನಿಜದ ಪ್ರಮಾಣಪತ್ರ ಕೊಟ್ಟಿದ್ದೆ. ಮೇಡಂ ಹೇಳಿದ್ದು ಇಷ್ಟೇ: "ನಾವು ಮೋಸ ಮಾಡಬಾರ್ದು ಕಣೇ. ಅವರಾಗಿ ಮೋಸ ಹೋಗ್ಬೇಕು. ಎರಡಕ್ಕೂ ನಡುವೆ ಇರೋದೇ ನಮ್ಮ ಕೆಲಸ."

ಎಂಟು ಬರೆದಾಗಿತ್ತು, ಒಂಬತ್ತನೆಯದಕ್ಕೆ ಕಾರಣ ಹೊಳೆಯಲಿಲ್ಲ. ಠಾಣೆಯ ದೃಶ್ಯದಲ್ಲಿ ಅಧಿಕಾರಿಯ ಕೈಗಡಿಯಾರ ಎಡಗೈಯಿಂದ ಬಲಗೈಗೆ ಹೋಗುತ್ತಿತ್ತು. ಪಟ್ಟಿಯನ್ನು ಮತ್ತೆ ನೋಡಿದಾಗ ತಿಳಿಯಿತು: ಮೊದಲ ಎಂಟೂ ಅಕ್ಕ ಹೇಳುತ್ತಿರುವ ಭಾಗಗಳಿಗೆ ಸೇರಿದ್ದವು, ಉಳಿದ ಮೂರು, ಅಕ್ಕನಿಗೆ ಸಂಬಂಧವೇ ಇಲ್ಲದ ದೃಶ್ಯಗಳಲ್ಲಿದ್ದವು. ಹಾಗೆಂದು ಅಳುಕುತ್ತಲೇ ಹೇಳಿದೆ. ಮೇಡಂ ಕನ್ನಡಕ ಹಾಕಿಕೊಂಡು ಮೂರನ್ನೂ ಎರಡೆರಡು ಬಾರಿ ನೋಡಿದರು.

"ಇವು ನಿಜವಾಗ್ಲೂ ತಪ್ಪೇ. ನನ್ನವೇ. ನೀನು ಸರಿ ಮಾಡಿದ್ದು ಹಾಗೇ ಇರ್ಲಿ."

ಹೊಸ ಪ್ರೇಕ್ಷಕರೊಡನೆ ಎರಡನೆಯ ಪ್ರದರ್ಶನ ನಡೆಯಿತು. ಮಧ್ಯಂತರದಲ್ಲಿ ಕಾಫಿ ಆರಿಹೋಗುವಷ್ಟು ವಾದವಾಯಿತು. ಅತ್ತೆಯವರು ಮಾತ್ರ ಗುಟ್ಟು ಬಿಟ್ಟುಕೊಡದೆ ಸೊಸೆಯ ಮುಖ ನೋಡಿ ನಕ್ಕರು. ಚಿತ್ರ ಹಾಗೆಯೇ ಬಿಡುಗಡೆಯಾಯಿತು. ನಿರ್ದೇಶಕರು ಈಗ ಎರಡನೆಯ ಚಿತ್ರದಲ್ಲಿ ತೊಡಗಿದ್ದಾರೆ.

ಆದರೆ "ವಯಸ್ಸಾಯ್ತು" ಎಂಬ ಮಾತೂ ಬಿಡುಗಡೆಯಾಗಿತ್ತು. ಶಾಲೆಯ ವಾರ್ಷಿಕ ವರದಿಯಲ್ಲಿ, ವಿಭಾಗದ ಮುಖ್ಯಸ್ಥರ ಕಣ್ತಪ್ಪಿನಿಂದ ತಪ್ಪು ಪ್ರತಿ ಪ್ರದರ್ಶಿತವಾಯಿತು ಎಂಬ ಸಾಲು ಸೇರಿತು. ಹತ್ತಾರು ವರ್ಷಗಳಿಂದ ಅವರಲ್ಲಿಗೇ ಬರುತ್ತಿದ್ದ ಇಬ್ಬರು ನಿರ್ಮಾಪಕರು ಬರುವುದನ್ನು ನಿಲ್ಲಿಸಿದರು. ಸತ್ಯ ಹೇಳುತ್ತೇನೆಂದು ನಾನು ಎರಡು ಬಾರಿ ಅನುಮತಿ ಕೇಳಿದೆ. ತಾತ್ಕಾಲಿಕ ನೌಕರಳ ತಪ್ಪೆಂದು ತಿಳಿದರೆ ಕಚೇರಿ ಏನು ಮಾಡುತ್ತದೆಂಬುದು ಅವರಿಗೆ ಗೊತ್ತಿತ್ತು. "ಮೊದಲು ನಿನ್ನ ಕೆಲಸ ಕಾಯಂ ಆಗ್ಲಿ. ನಾನು ಮನೆಗೆ ಹೋದ್ಮೇಲೆ ಏನ್ ಬೇಕಾದ್ರೂ ಬರ್ಕೋ" ಎಂದು ಎರಡು ಬಾರಿಯೂ ಮಾತು ಮುಗಿಸಿದರು. ಕಳೆದ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಈ ತಿಂಗಳು ಅವರು ಮನೆಗೆ ಹೋಗುತ್ತಿದ್ದಾರೆ.

ಅವರಿಗೆ ದೀರ್ಘವಾದ, ಆರೋಗ್ಯಪೂರ್ಣ ಆಯುಷ್ಯವಿರಲಿ. ಅರ್ಧಕ್ಕೆ ನಿಂತಿರುವ ಅವರ ಉಪನ್ಯಾಸಗಳ ಪುಸ್ತಕ ಅವರದೇ ವೇಗದಲ್ಲಿ ಪೂರ್ಣಗೊಳ್ಳಲಿ. ಬರುವುದನ್ನು ಬಿಟ್ಟವರು ಮತ್ತೆ ಅವರ ಬಾಗಿಲು ತಟ್ಟಲಿ. ಅದಕ್ಕಾಗಿ ವಾರ್ಷಿಕ ವರದಿಯ ಆ ಸಾಲು ಹೀಗೆ ತಿದ್ದುಪಡಿಯಾಗಬೇಕು:

ಮೊದಲ ಪ್ರದರ್ಶನದಲ್ಲಿ ಪ್ರತಿ ಅದಲುಬದಲಾಗಿರಲಿಲ್ಲ. ಹನ್ನೊಂದು ಶಾಟ್‌ಗಳನ್ನು ಯಾರನ್ನೂ ಕೇಳದೆ ಬದಲಿಸಿದವಳು ಈ ಲೇಖನದ ಲೇಖಕಿ. ಆ ಪ್ರದರ್ಶನದಲ್ಲಿ ವಿಭಾಗದ ಮುಖ್ಯಸ್ಥರಿಂದ ಯಾವ ಕಣ್ತಪ್ಪೂ ಆಗಿಲ್ಲ.